ಎಂಬತ್ತು ಎಂದರೆ ಯಾವ ಎಂಬತ್ತು?

ಖಾನಾಪುರ ತಾಲ್ಲೂಕಿನ ಹಲಸಿ ಇಂದು ಸಣ್ಣ ಊರು. ಕದಂಬರ ಕಾಲದಲ್ಲಿ ಇದು ಪಲಾಶಿಕಾ ಎಂಬ ರಾಜಧಾನಿ. ಊರಿನಿಂದ ನಂದಗಡಕ್ಕೆ ಹೋಗುವ ದಾರಿಯಲ್ಲಿ ಚಕ್ರತೀರ್ಥವೆಂಬ ಪುಟ್ಟ ಬಾವಿಯಿದೆ. ಸುಮಾರು 1860ರಲ್ಲಿ ಅದರ ಬಳಿಯ ಮಣ್ಣದಿಬ್ಬದಲ್ಲಿ ಏಳು ತಾಮ್ರಶಾಸನಗಳು ಸಿಕ್ಕವು. ಮುಂಬಯಿ ಪ್ರಾಂತದ ಅಧಿಕಾರಿಯಾಗಿದ್ದ ಜೆ.ಎಫ್. ಫ್ಲೀಟ್ ಇವುಗಳನ್ನು ಓದಿ ಪ್ರಕಟಿಸಿದರು.

ಇವುಗಳಲ್ಲಿ ಒಂದು ಕಾಕುಸ್ಥವರ್ಮನದು. ಯುವರಾಜನಾಗಿದ್ದ ಆತ ತನ್ನನ್ನು ಕಾಪಾಡಿದ ಶ್ರುತಕೀರ್ತಿ ಎಂಬ ಸೇನಾಪತಿಗೆ ಹೊಲವೊಂದನ್ನು ದಾನವಿತ್ತ. ಕೊಟ್ಟವರಾರು, ಪಡೆದವರಾರು, ಕೊಟ್ಟದ್ದೇನು, ಎಲ್ಲವೂ ಸ್ಪಷ್ಟ. ಕಾಲ ಮಾತ್ರ ಒಗಟು. 'ತನ್ನ ವಿಜಯದ ಎಂಬತ್ತನೆಯ ವರ್ಷ' ಎಂದಷ್ಟೇ ಅಲ್ಲಿದೆ. ಯುವರಾಜನೊಬ್ಬ ಗೆದ್ದು ಎಂಬತ್ತು ವರ್ಷವಾಗಿರುವುದು ಹೇಗೆ ಸಾಧ್ಯ?

ಇದು ಕ್ರಿ.ಶ. 319-20ರಲ್ಲಿ ಆರಂಭವಾದ ಗುಪ್ತಶಕೆಯೆಂದು ಕೆಲವು ವಿದ್ವಾಂಸರ ವಾದ. ಹಾಗಾದರೆ ಕಾಲ ಸುಮಾರು 400. ವಂಶದ ಮೂಲಪುರುಷ ಮಯೂರಶರ್ಮನಿಂದ ಎಣಿಸಬೇಕೆಂಬುದು ಇನ್ನು ಕೆಲವರ ವಾದ. ಆತ ನಾಲ್ಕನೆಯ ಶತಮಾನದ ನಡುವೆ ರಾಜ್ಯ ಕಟ್ಟಿದನೆಂದು ಹಿಡಿದರೆ ಕಾಲ ಎರಡು ಮೂರು ದಶಕ ಮುಂದೆ ಸರಿಯುತ್ತದೆ. ಇದು ಬರಿಯ ಪಂಡಿತರ ಜಗಳವಲ್ಲ. ಪ್ರಸಿದ್ಧ ಹಲ್ಮಿಡಿ ಶಾಸನದಲ್ಲಿ ಕಾಲದ ಉಲ್ಲೇಖವೇ ಇಲ್ಲ. ಆದರೆ ಕಾಕುಸ್ಥನ ಹೆಸರಿದೆ. ಆತನ ಕಾಲ ಅಲುಗಿದರೆ ಕನ್ನಡ ಬರಹದ ಆರಂಭದ ಲೆಕ್ಕವೂ ಅಲುಗುತ್ತದೆ.

ಬೆಳಗಾವಿ ನಗರದ ಎರಡು ಶಿಲಾಶಾಸನಗಳು ಇದಕ್ಕೆ ತೀರ ಭಿನ್ನ. ಆಗ ಊರಿನ ಹೆಸರು ವೇಣುಗ್ರಾಮ. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದಲ್ಲಿ ರಟ್ಟ ಜಿನಾಲಯಕ್ಕೆ ಕೊಟ್ಟ ದಾನವನ್ನು ಇವು ಹೇಳುತ್ತವೆ. ಶಕವರ್ಷ 1127, ರಕ್ತಾಕ್ಷಿ ಸಂವತ್ಸರ, ಪುಷ್ಯ ಶುದ್ಧ ಬಿದಿಗೆ, ಶನಿವಾರ, ಉತ್ತರಾಯಣ ಸಂಕ್ರಾಂತಿ: ಒಂದೇ ದಿನಕ್ಕೆ ಇಷ್ಟು ಗುರುತು!

ಇದು ಆಡಂಬರವಲ್ಲ. ಶಕವರ್ಷವನ್ನು ಕಳೆದ ವರ್ಷವಾಗಿಯೂ ನಡೆಯುತ್ತಿರುವ ವರ್ಷವಾಗಿಯೂ ಎಣಿಸುವುದುಂಟು. ಒಂದು ವರ್ಷದ ವ್ಯತ್ಯಾಸ ಬರುತ್ತದೆ. ರಕ್ತಾಕ್ಷಿ ಬರುವುದು ಅರವತ್ತು ವರ್ಷಕ್ಕೊಮ್ಮೆ. ಆದ್ದರಿಂದ ವರ್ಷ ನಿಂತಿತು. ತಿಥಿ, ವಾರ, ಸಂಕ್ರಾಂತಿಗಳು ಸೇರಿ ದಿನವನ್ನೂ ನಿಲ್ಲಿಸಿದವು: 1204ರ ಡಿಸೆಂಬರ್ 25. ಒಂದು ಗುರುತಿನಲ್ಲಿ ತಪ್ಪಿದ್ದರೆ ಉಳಿದವು ಅದನ್ನು ಹಿಡಿದುಕೊಡುತ್ತವೆ. ತಿಥಿ ವಾರಗಳು ತಾಳೆಯಾಗದಿದ್ದರೆ ಶಾಸನವೇ ಕೂಟವೇನೋ ಎಂದು ವಿದ್ವಾಂಸರು ಶಂಕಿಸುವುದುಂಟು. ಫ್ಲೀಟ್ 1901ರಲ್ಲಿ ಇಂಥ ಕೂಟಶಾಸನಗಳ ಪಟ್ಟಿಯನ್ನೇ ಪ್ರಕಟಿಸಿದರು.

ಇಂದು ತಂತ್ರಜ್ಞಾನ ಸಮ್ಮೇಳನಗಳಲ್ಲಿ 'ಡೇಟಾ ಗುಣಮಟ್ಟ' ಎಂಬ ಮಾತು ಮತ್ತೆ ಮತ್ತೆ ಕೇಳುತ್ತದೆ. ಅಂಕಿ ಇದ್ದರೆ ಸಾಲದು, ಅದು ಯಾವುದರ ಅಂಕಿ, ಎಲ್ಲಿಂದ ಎಣಿಸಿದ್ದು ಎಂಬ ವಿವರವೂ ಜೊತೆಗಿರಬೇಕು ಎಂಬುದು ಅದರ ತಿರುಳು. ಅರ್ಜಿಯೊಂದರಲ್ಲಿ 3-4 ಎಂದು ಬರೆದ ಜನ್ಮದಿನ ಏಪ್ರಿಲ್ ಮೂರೋ, ಮಾರ್ಚ್ ನಾಲ್ಕೋ? ಗಣಕಯಂತ್ರ ಅದನ್ನು ಕ್ಷಣದಲ್ಲಿ ಸಾವಿರ ಕಡೆಗೆ ಕಳಿಸಬಲ್ಲದು; ಅರ್ಥ ಹೇಳಲಾರದು.

ಹಲಸಿಯ ಲಿಪಿಕಾರನ ಕಾಲದವರಿಗೆ ಆ ಎಂಬತ್ತು ಯಾವುದೆಂದು ತಿಳಿದಿದ್ದಿರಬೇಕು. ಎಲ್ಲರಿಗೂ ಗೊತ್ತಿರುವುದನ್ನು ಬರೆಯುವುದೇಕೆ ಎಂದು ಆತ ಬಿಟ್ಟಿರಬಹುದು. ತಾಮ್ರ ಉಳಿಯಿತು, ಅಕ್ಷರ ಉಳಿಯಿತು, ಗೊತ್ತಿದ್ದವರು ಉಳಿಯಲಿಲ್ಲ.