ನಿಧಾನ, ನಿದಾನಂ

ಚೆನ್ನೈಗೆ ಬಂದು ನೆಲೆಸಿದ ಕನ್ನಡದ ಮನೆಗಳಲ್ಲಿ ತುಸು ಅರ್ಥ ಬದಲಿಸಿಕೊಳ್ಳುವ ಪದ ‘ನಿಧಾನ’. ನಮಗದು ಹೆಚ್ಚಾಗಿ ವೇಗದ ಮಾತು: ನಿಧಾನಕ್ಕೆ ತಿನ್ನು, ನಿಧಾನವಾಗಿ ಇಳಿ, ರಸ್ತೆ ಬದಿಯ ಫಲಕದಲ್ಲಿ ‘ನಿಧಾನವೇ ಪ್ರಧಾನ’. ತಮಿಳರ ‘ನಿದಾನಂ’ನಲ್ಲಿ ಮೆಲ್ಲಗೆ ಎಂಬುದೂ ಇದೆ, ಆದರೆ ಒತ್ತು ಮನಸ್ಸಿನ ಹಿಡಿತದ ಮೇಲೆ. ಸಿಟ್ಟಿನಲ್ಲಿ ಕೂಗಾಡಿದವರು ನಿದಾನಂ ಕಳೆದುಕೊಂಡವರು. ಕುಡಿದು ತೂರಾಡುವವನೂ ‘ನಿದಾನತ್ತುಲ ಇಲ್ಲೈ’. ನಿದಾನಂ ಇದ್ದವರು ಓಡಲೂಬಹುದು.

ಮಕ್ಕಳಿರುವ ಮನೆಗೆ ಈ ಭೇದ ಮುಖ್ಯ. ಬೆಳಿಗ್ಗೆ ಏಳೂವರೆ. ಕೆಳಗೆ ಶಾಲೆಯ ವ್ಯಾನಿನವನು ‘ಸೀಕ್ರಂ ಮಾ’ ಎನ್ನುತ್ತಿದ್ದಾನೆ (ನಮ್ಮ ಶೀಘ್ರವೇ ಅದು). ಮಗಳು ಇಡ್ಲಿಯ ಮೇಲೆ ಚಟ್ನಿಯಲ್ಲಿ ಕಣ್ಣು, ಮೂಗು ಬರೆಯುತ್ತಿದ್ದಾಳೆ. ಅಮ್ಮ ಒಎಂಆರ್ ರಸ್ತೆಯ ಆಫೀಸು ಸೇರಬೇಕು. ಅವಳಿಗೆ ಆ ಹೊತ್ತಿನಲ್ಲಿ ‘ನಿಧಾನವಾಗಿರು’ ಅನ್ನುವುದು ಉಪದೇಶವಲ್ಲ, ಹಿಂಸೆ. ಮೈಂಡ್‌ಫುಲ್‌ನೆಸ್ ಹೆಸರಿನ ಹಲವು ಆ್ಯಪುಗಳ ಮೇಲೆ ನನ್ನ ತಕರಾರೂ ಇದೇ: ಕಣ್ಣು ಮುಚ್ಚಿ ಕೂರುವ ಕನ್ನಡದ ನಿಧಾನವನ್ನು ಅವು ಮಾರುತ್ತವೆ, ಹೆತ್ತವರಿಗೆ ಬೇಕಾದದ್ದು ತಮಿಳಿನದು. 1979ರಲ್ಲಿ ಅಮೆರಿಕದ ಆಸ್ಪತ್ರೆಯೊಳಕ್ಕೆ ಮೈಂಡ್‌ಫುಲ್‌ನೆಸ್ ಅಭ್ಯಾಸವನ್ನು ತಂದ ಜಾನ್ ಕಬಾಟ್‌ಜಿನ್, 1997ರಲ್ಲಿ ಹೆಂಡತಿ ಮೈಲಾ ಜೊತೆ ಮಕ್ಕಳ ಪಾಲನೆಯ ಬಗ್ಗೆಯೇ ಪುಸ್ತಕ ಬರೆದರು. ಮನೆಯ ಗದ್ದಲವನ್ನೇ ಅಭ್ಯಾಸದ ಜಾಗ ಎಂದು ನೋಡಿದ ಪುಸ್ತಕ ಅದು.

ಸಂಸ್ಕೃತದಲ್ಲಿ ‘ನಿಧಾನ’ ಎಂದರೆ ಇಡುವುದು, ಇಟ್ಟ ಗಂಟು. ಅಲ್ಪಪ್ರಾಣದ ‘ನಿದಾನ’ ಬೇರೆಯದೇ ಪದ: ಮೂಲ ಕಾರಣ. ರೋಗದ ಕಾರಣ ಹುಡುಕುವುದಕ್ಕೆ ಆಯುರ್ವೇದದಲ್ಲಿ ಇದೇ ಹೆಸರು. ತಮಿಳು ಲಿಪಿಯಲ್ಲಿ ದ, ಧ ಎರಡಕ್ಕೂ ಒಂದೇ ಅಕ್ಷರವಾದ್ದರಿಂದ ಅಲ್ಲಿ ಇವೆರಡನ್ನೂ ಬರೆಯುವುದು ಒಂದೇ ರೀತಿ. ಆ ಗೊಂದಲ ನನಗೆ ಇಷ್ಟ. ಚಟ್ನಿಯ ಮುಖ ಕಂಡು ರೇಗಿದ ಅಮ್ಮ ಒಂದು ಉಸಿರಿನಷ್ಟು ತಡೆದು ನಿದಾನ ಹುಡುಕಿದರೆ, ಅದು ಚಟ್ನಿಯಲ್ಲಿರುವುದಿಲ್ಲ; ರಾತ್ರಿ ಹನ್ನೊಂದಕ್ಕೆ ಬಂದ ಮ್ಯಾನೇಜರನ ಮೆಸೇಜಿನಲ್ಲಿರುತ್ತದೆ.

ಉಸಿರಿನ ಮಾತಿಗೆ ಈ ಊರಿನಲ್ಲಿ ನಮ್ಮವರೇ ಒಬ್ಬರು ಇದ್ದರು. ಚಿತ್ರದುರ್ಗ ಸೀಮೆಯಲ್ಲಿ 1888ರಲ್ಲಿ ಹುಟ್ಟಿ, ಮೈಸೂರು ಅರಮನೆಯ ಯೋಗಶಾಲೆಯಲ್ಲಿ ಕಲಿಸಿ, ಆಮೇಲೆ ಮದ್ರಾಸಿಗೆ ಬಂದ ತಿರುಮಲೈ ಕೃಷ್ಣಮಾಚಾರ್ಯರು. ಮೈಯ ಚಲನೆ ಉಸಿರಿನ ಜೊತೆಗೇ ಸಾಗಬೇಕು ಎಂದು ಕಲಿಸಿದರು. ಮಗ ದೇಶಿಕಾಚಾರ್ 1976ರಲ್ಲಿ ಅವರ ಹೆಸರಿನ ಯೋಗ ಮಂದಿರವನ್ನು ಇಲ್ಲೇ ತೆರೆದರು. ಬಾಗಿ ಶೂ ಲೇಸು ಕಟ್ಟುವಾಗ ಉಸಿರು ಬಿಡುವುದಕ್ಕೆ ಚಾಪೆ ಬೇಕಿಲ್ಲ, ವ್ಯಾನೂ ತಪ್ಪುವುದಿಲ್ಲ.

ಪುರಸೊತ್ತು ಸಿಕ್ಕರೆ ಎಲ್ಲ ಸರಿಹೋಗುತ್ತದೆ ಅನ್ನುವವರು ಹಿಂಗಾರಿನ ಒಂದು ದಿನ ಇಲ್ಲಿಗೆ ಬರಬೇಕು. ಮಳೆ ಜೋರಾದರೆ ಕಲೆಕ್ಟರು ಬೆಳ್ಳಂಬೆಳಿಗ್ಗೆ ಶಾಲೆಗಳಿಗೆ ರಜೆ ಸಾರುತ್ತಾರೆ. ಯಾರಿಗೂ ಅವಸರವಿಲ್ಲ, ಕನ್ನಡದ ನಿಧಾನ ಮನೆತುಂಬ. ಹನ್ನೊಂದರ ಹೊತ್ತಿಗೆ ರಿಮೋಟಿಗಾಗಿ ಮಕ್ಕಳ ಕಿತ್ತಾಟ. ಮನೆಯಿಂದಲೇ ಮೀಟಿಂಗಿಗೆ ಕೂತ ಅಪ್ಪ ಮ್ಯೂಟ್ ಒತ್ತಲು ಮರೆತು ಹಾಕಿದ ಗರ್ಜನೆ ಬೆಂಗಳೂರಿನ ತಂಡಕ್ಕೆಲ್ಲ ಕೇಳಿಸಿರುತ್ತದೆ.