ಮಟಾಟು ಊರಿಗೆ ಬ್ಯಾಟರಿ ಬಸ್ ಬಂದದ್ದು ಹೇಗೆ?

ಕೆನ್ಯಾ ದೇಶದ ರಾಜಧಾನಿ ನೈರೋಬಿ. ಅಲ್ಲಿ ಬಹುಪಾಲು ಜನ ಕೆಲಸಕ್ಕೆ, ಸಂತೆಗೆ, ಶಾಲೆಗೆ ಹೋಗುವುದು ಖಾಸಗಿ ವ್ಯಾನು ಮತ್ತು ಮಿನಿಬಸ್ಸುಗಳಲ್ಲಿ. ಇವುಗಳ ಹೆಸರು ‘ಮಟಾಟು’. ಸ್ವಾಹಿಲಿ ಭಾಷೆಯಲ್ಲಿ ‘ಟಾಟು’ ಎಂದರೆ ಮೂರು. ಮೊದಲ ದಿನಗಳಲ್ಲಿ ಒಂದು ಸವಾರಿಗೆ ಹತ್ತು ಸೆಂಟಿನ ಮೂರು ನಾಣ್ಯ ಕೊಡಬೇಕಿತ್ತಂತೆ, ಅದರಿಂದಲೇ ಈ ಹೆಸರು ಬಂತು ಎನ್ನುತ್ತಾರೆ.

2022ರ ಮಾರ್ಚ್‌ನಲ್ಲಿ ಇದೇ ಊರಿನ ರಸ್ತೆಗೆ ಎರಡು ಬ್ಯಾಟರಿ ಬಸ್ಸುಗಳು ಇಳಿದವು. ಬಸ್ಸು ಬಂದದ್ದು ದೊಡ್ಡ ವಿಷಯವಲ್ಲ. ಅಷ್ಟು ದುಬಾರಿ ಬಸ್ಸನ್ನು ಸಣ್ಣ ಮಾಲೀಕನ ಕೈಗೆ ಎಟುಕುವ ಹಾಗೆ ಮಾಡಿದ್ದು ಹೇಗೆ ಎಂಬುದೇ ನಾವು ಇಲ್ಲಿ ಹೇಳಹೊರಟ ವಿಷಯ. ಇದು ಅರ್ಥವಾಗಬೇಕಾದರೆ ತುಸು ಹಿಂದಕ್ಕೆ ಹೋಗಬೇಕು.

ಕಂಪನಿ ಬಸ್ಸು, ಕಳ್ಳ ಗಾಡಿ

ಬ್ರಿಟಿಷರ ಆಳ್ವಿಕೆಯಲ್ಲಿ, 1934ರಲ್ಲಿ, ನೈರೋಬಿಯಲ್ಲಿ ‘ಕೆನ್ಯಾ ಬಸ್ ಸರ್ವಿಸ್’ ಶುರುವಾಯಿತು. ಅದು ವಿದೇಶಿ ಕಂಪನಿ. ನಗರದಲ್ಲಿ ಬಸ್ಸು ಓಡಿಸುವ ಹಕ್ಕು ಅದೊಂದಕ್ಕೇ ಇತ್ತು. ಆ ಕಾಲದಲ್ಲಿ ಆಫ್ರಿಕನ್ ಗಂಡಸರು ‘ಕಿಪಾಂಡೆ’ ಎಂಬ ಗುರುತಿನ ಚೀಟಿ ಹೊತ್ತು ತಿರುಗಬೇಕಿತ್ತು. ಹಳ್ಳಿಯಿಂದ ಬಂದವರು ತಮಗಿಷ್ಟ ಬಂದಂತೆ ನಗರದಲ್ಲಿ ನೆಲೆಸುವ ಹಾಗಿರಲಿಲ್ಲ.

1963ರಲ್ಲಿ ಸ್ವಾತಂತ್ರ್ಯ ಬಂತು. ಕಟ್ಟುಪಾಡು ಸಡಿಲವಾದ ಮೇಲೆ ಹಳ್ಳಿಗಳಿಂದ ಜನ ನಗರಕ್ಕೆ ಬಂದರು. ಊರಾಚೆ ಹೊಸ ಬಡಾವಣೆಗಳು ಎದ್ದವು. ಕಂಪನಿ ಬಸ್ಸು ಅಲ್ಲಿಗೆಲ್ಲ ಹೋಗಲಿಲ್ಲ. ಹಳೆಯ ಗಾಡಿಗಳನ್ನು ಕೊಂಡು, ರಿಪೇರಿ ಮಾಡಿ, ಪರವಾನಗಿ ಇಲ್ಲದೆಯೇ ಓಡಿಸುವವರು ಹುಟ್ಟಿಕೊಂಡರು. ಪೊಲೀಸರ ಕಣ್ಣಿಗೆ ಅದು ಕಳ್ಳ ಗಾಡಿ. ಜನರಿಗೆ ಮಾತ್ರ ಮನೆ ಬಾಗಿಲಿಗೆ ಬರುವ ಏಕೈಕ ಗಾಡಿ.

1973ರಲ್ಲಿ ಅಧ್ಯಕ್ಷ ಜೋಮೋ ಕೆನ್ಯಾಟಾ ಆದೇಶವೊಂದನ್ನು ಹೊರಡಿಸಿದರು. ಮಟಾಟುಗಳು ವಿಶೇಷ ಪರವಾನಗಿ ಇಲ್ಲದೆ ಜನರನ್ನು ಸಾಗಿಸಬಹುದು ಎಂದಾಯಿತು. ಅಲ್ಲಿಂದ ಮಟಾಟು ತಡೆಯಿಲ್ಲದೆ ಬೆಳೆಯಿತು.

ಸರ್ಕಾರವೂ ಸೋತಿತು, ಕಂಪನಿಯೂ ಹೋಯಿತು

1986ರಲ್ಲಿ ಸರ್ಕಾರವೇ ‘ನ್ಯಾಯೋ ಬಸ್’ ಎಂಬ ಸಂಸ್ಥೆ ಕಟ್ಟಿತು. ವಿದೇಶಗಳಿಂದ ನೆರವಾಗಿ ಬಂದ ಬಸ್ಸುಗಳು ಓಡಿದವು. ಆಡಳಿತ ಕೆಟ್ಟು, ಬಿಡಿಭಾಗ ಸಿಗದೆ 1990ರ ದಶಕದ ನಡುವೆ ಅದು ನಿಂತುಹೋಯಿತು. 1991ರಲ್ಲಿ ಬ್ರಿಟನ್ನಿನ ಸ್ಟೇಜ್‌ಕೋಚ್ ಕಂಪನಿ ಕೆನ್ಯಾ ಬಸ್ ಸರ್ವಿಸ್‌ನ ದೊಡ್ಡ ಪಾಲು ಕೊಂಡಿತು. ಮಟಾಟುಗಳ ಪೈಪೋಟಿ ತಾಳಲಾರದೆ 1998ರಲ್ಲಿ ಮಾರಿ ಹೊರಟಿತು.

ಉಳಿದದ್ದು ಮಟಾಟು. ಅದರ ಲೆಕ್ಕ ಸರಳ. ಮಾಲೀಕ ಬೆಳಿಗ್ಗೆ ಗಾಡಿಯನ್ನು ಡ್ರೈವರ್, ಕಂಡಕ್ಟರ್ ಕೈಗೆ ಕೊಡುತ್ತಾನೆ. ಸಂಜೆ ಅವರು ಗೊತ್ತುಮಾಡಿದಷ್ಟು ಹಣ ತಂದುಕೊಡಬೇಕು. ಡೀಸೆಲ್ ಖರ್ಚು ಕಳೆದು ಮಿಕ್ಕದ್ದು ಅವರಿಬ್ಬರಿಗೆ. ಹಾಗಾಗಿ ಜನರನ್ನು ತುಂಬುತ್ತಾರೆ, ಗಾಡಿ ಓಡಿಸುತ್ತಾರೆ ಅನ್ನುವುದಕ್ಕಿಂತ ಹಾರಿಸುತ್ತಾರೆ. ಮಳೆ ಬಂದರೆ ದರ ಏರುತ್ತದೆ.

2004ರಲ್ಲಿ ಸಾರಿಗೆ ಸಚಿವ ಜಾನ್ ಮಿಚುಕಿ ಬಿಗಿ ನಿಯಮ ತಂದರು. ಸೀಟ್ ಬೆಲ್ಟ್, ವೇಗ ತಡೆಯುವ ಯಂತ್ರ, ಮೈಮೇಲೆ ಹಳದಿ ಪಟ್ಟಿ ಕಡ್ಡಾಯವಾಯಿತು. ಮುಂದೆ ಮಾಲೀಕರೆಲ್ಲ ‘ಸಾಕೋ’ ಸೇರಬೇಕು ಎಂದಾಯಿತು. ಸಾಕೋ ಎಂದರೆ ನಮ್ಮ ಪತ್ತಿನ ಸಹಕಾರ ಸಂಘದಂಥದ್ದು. ಒಬ್ಬೊಬ್ಬರೇ ಇದ್ದ ಮಾಲೀಕರು ಒಂದು ಹೆಸರಿನ ಕೆಳಗೆ ಬಂದರು. ಬ್ಯಾಟರಿ ಬಸ್ಸಿನವರಿಗೆ ಮಾತಾಡಲು ಒಂದು ಬಾಗಿಲು ಸಿಕ್ಕಿದ್ದು ಇದರಿಂದ.

ತೊಡಕು ಎಲ್ಲಿತ್ತು?

ಬ್ಯಾಟರಿ ಬಸ್ಸು ಓಡಿಸುವ ಖರ್ಚು ಡೀಸೆಲ್ ಬಸ್ಸಿಗಿಂತ ಕಡಿಮೆ. ಅದರಲ್ಲೂ ಕೆನ್ಯಾಕ್ಕೆ ಇದು ಹೇಳಿ ಮಾಡಿಸಿದ ಹಾಗಿದೆ. ಆ ದೇಶ ಡೀಸೆಲ್ಲನ್ನು ಹೊರಗಿನಿಂದ ತರಿಸಬೇಕು. ಕರೆಂಟು ಮಾತ್ರ ಬಹುಪಾಲು ಸ್ವಂತದ್ದು. ಓಲ್ಕಾರಿಯಾದಲ್ಲಿ ಭೂಮಿಯೊಳಗಿನ ಬಿಸಿ ಆವಿಯಿಂದ, ಅಣೆಕಟ್ಟುಗಳಿಂದ, ತುರ್ಕಾನಾ ಸರೋವರದ ಬಳಿಯ ಗಾಳಿಯಿಂದ ಬರುತ್ತದೆ. ರಾತ್ರಿ ಊರು ಮಲಗಿದಾಗ ಆ ಕರೆಂಟು ಮಿಕ್ಕುತ್ತದೆ. ಬಸ್ಸು ಚಾರ್ಜ್ ಆಗುವುದೂ ಆಗಲೇ.

ಹಾಗಿದ್ದರೆ ಎಲ್ಲರೂ ಯಾಕೆ ಕೊಳ್ಳಲಿಲ್ಲ? ಬಸ್ಸಿನ ಬೆಲೆ ಹೆಚ್ಚು, ಅದರಲ್ಲಿ ದೊಡ್ಡ ಪಾಲು ಬ್ಯಾಟರಿಯದ್ದು. ಡೀಸೆಲ್ ಬಸ್ಸಿನ ಮಾಲೀಕ ಡೀಸೆಲ್ಲನ್ನು ದಿನಾ ದುಡಿದು ದಿನಾ ಹಾಕಿಸುತ್ತಾನೆ. ಬ್ಯಾಟರಿ ಬಸ್ಸು ಕೊಳ್ಳುವವನು ಮುಂದಿನ ಎಷ್ಟೋ ವರ್ಷದ ‘ಡೀಸೆಲ್’ ಹಣವನ್ನು ಮೊದಲ ದಿನವೇ ಕಟ್ಟಿದಂತೆ. ಅದಕ್ಕೆ ಸಾಲ ಬೇಕು. 2024ರ ಫೆಬ್ರವರಿಯಲ್ಲಿ ಕೆನ್ಯಾದ ಕೇಂದ್ರ ಬ್ಯಾಂಕಿನ ದರವೇ ಶೇಕಡಾ 13ಕ್ಕೆ ಏರಿತ್ತು. ಗಾಡಿ ಮಾಲೀಕನಿಗೆ ಸಿಗುವ ಸಾಲದ ಬಡ್ಡಿ ಅದಕ್ಕಿಂತ ಮೇಲೆ. ಜೊತೆಗೆ ಬ್ಯಾಂಕಿನವರಿಗೂ ಅಂಜಿಕೆ. ಸಾಲ ತೀರದಿದ್ದರೆ ಡೀಸೆಲ್ ಬಸ್ಸನ್ನು ಜಪ್ತಿ ಮಾಡಿ ಮಾರಬಹುದು. ಹಳೆಯ ಬ್ಯಾಟರಿ ಬಸ್ಸನ್ನು ಎಷ್ಟಕ್ಕೆ, ಯಾರಿಗೆ ಮಾರುವುದು?

ಬಸ್ಸು ನಿಮ್ಮದು, ಬ್ಯಾಟರಿ ನಮ್ಮದು

2021ರಲ್ಲಿ ನೈರೋಬಿಯಲ್ಲಿ ಹುಟ್ಟಿದ ಬಾಸಿಗೋ ಎಂಬ ಕಂಪನಿ ಈ ಗಂಟನ್ನು ಬಿಚ್ಚಲು ಬಸ್ಸನ್ನೂ ಬ್ಯಾಟರಿಯನ್ನೂ ಲೆಕ್ಕದಲ್ಲಿ ಬೇರೆ ಮಾಡಿತು. ಚೀನಾದ ಬಿವೈಡಿ ಕಂಪನಿಯ 25 ಸೀಟಿನ ಬಸ್ಸು, ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 250 ಕಿಲೋಮೀಟರ್ ಓಡುವಂಥದ್ದು. ಶುರುವಿನಲ್ಲಿ ಹೇಳಿದ ದರ ಹೀಗಿತ್ತು: ಬ್ಯಾಟರಿ ಬಿಟ್ಟು ಬಸ್ಸಿಗೆ 50 ಲಕ್ಷ ಕೆನ್ಯಾ ಶಿಲ್ಲಿಂಗ್. ಆಮೇಲೆ ಓಡಿದ ಪ್ರತಿ ಕಿಲೋಮೀಟರಿಗೆ 20 ಶಿಲ್ಲಿಂಗ್. ಬ್ಯಾಟರಿ, ಚಾರ್ಜಿಂಗ್, ರಿಪೇರಿ ಎಲ್ಲ ಅದರಲ್ಲೇ.

200 ಕಿಲೋಮೀಟರ್ ಓಡಿದ ದಿನ 4,000 ಶಿಲ್ಲಿಂಗ್. ಗಾಡಿ ಓಡದ ದಿನ ಆ ಬಾಬ್ತು ಏನೂ ಇಲ್ಲ. ಬ್ಯಾಟರಿ ಕೆಟ್ಟರೆ ಅದು ಕಂಪನಿಯ ತಲೆನೋವು. ಮಾಲೀಕನಿಗೆ ಇದು ಹಳೆಯ ಅಭ್ಯಾಸವೇ. ಡೀಸೆಲ್ ಬಂಕಿಗೆ ಕೊಡುತ್ತಿದ್ದ ಹಣವನ್ನು ಬೇರೆ ಕಡೆ ಕೊಟ್ಟಂತೆ.

2023ರಲ್ಲಿ ಸರ್ಕಾರದ ಇಂಧನ ಪ್ರಾಧಿಕಾರ ವಿದ್ಯುತ್ ವಾಹನಗಳಿಗೆಂದೇ ಬೇರೆ ದರ ಗೊತ್ತುಮಾಡಿತು. ಬೇಡಿಕೆ ಕಡಿಮೆ ಇರುವ ಹೊತ್ತಿಗೆ ಯೂನಿಟ್ಟಿಗೆ ಅರ್ಧ ದರ. 2024ರಲ್ಲಿ ನೈರೋಬಿ ಬಳಿಯ ಥೀಕಾ ಪಟ್ಟಣದ ಕಾರ್ಖಾನೆಯಲ್ಲೇ ಬಸ್ಸು ಜೋಡಿಸುವ ಕೆಲಸ ಶುರುವಾಯಿತು. ಇದೇ ಪದ್ಧತಿ ರುವಾಂಡಾದ ಕಿಗಾಲಿಗೂ ಹೋಯಿತು.

ಪಶ್ಚಿಮ ಆಫ್ರಿಕಾದ ಡಾಕರ್ ಬೇರೆ ದಾರಿ ಹಿಡಿಯಿತು. ಅಲ್ಲಿ ಸೆನೆಗಲ್ ಸರ್ಕಾರ ವಿಶ್ವಬ್ಯಾಂಕ್ ಮುಂತಾದವರ ನೆರವಿನಿಂದ ಬಸ್ಸಿಗೆಂದೇ 18.3 ಕಿಲೋಮೀಟರ್ ಪ್ರತ್ಯೇಕ ರಸ್ತೆ ಕಟ್ಟಿತು. 2024ರಿಂದ ಅದರಲ್ಲಿ ಬ್ಯಾಟರಿ ಬಸ್ಸುಗಳೇ ಓಡುತ್ತಿವೆ. ಒಟ್ಟು 121 ಬಸ್ಸಿನ ಯೋಜನೆ. ನಡೆಸುವುದು ಖಾಸಗಿ ಕಂಪನಿ, ಗುತ್ತಿಗೆ ಸರ್ಕಾರದ್ದು.

ಕಿಲೋಮೀಟರ್ ಲೆಕ್ಕ ನಮಗೂ ಹೊಸದಲ್ಲ. ಬಿವೈಡಿ ಬಸ್ಸನ್ನು ಬಿಎಂಟಿಸಿ ಬೆಂಗಳೂರಿನಲ್ಲಿ 2014ರಲ್ಲೇ ಓಡಿಸಿ ನೋಡಿತ್ತು. ಬೆಲೆ ಕೇಳಿ ಆಗ ಮುಂದುವರಿಯಲಿಲ್ಲ. ಆಮೇಲೆ ಬಂದ 921 ಟಾಟಾ ಬಸ್ಸುಗಳನ್ನು ಬಿಎಂಟಿಸಿ ಕೊಂಡಿಲ್ಲ, 12 ವರ್ಷ ಕಿಲೋಮೀಟರಿಗೆ ಇಷ್ಟು ಎಂದು ಕೊಡುವ ಒಪ್ಪಂದ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಇಲ್ಲಿ ಹಣಕ್ಕೆ ಸರ್ಕಾರಿ ಸಂಸ್ಥೆ ಹೊಣೆ. ನೈರೋಬಿಯಲ್ಲಿ ಹೊಣೆ ಒಂದೆರಡು ಗಾಡಿ ಇಟ್ಟುಕೊಂಡ ಮಾಲೀಕನದ್ದು.

ಅಪಾಯ ಯಾರ ತಲೆಗೆ?

ಇಷ್ಟು ಓದಿದ ಮೇಲೆ ನಮಗೆ ಅನಿಸುವುದು ಇದು. ಕಂತು ಕಟ್ಟುವ ಬಗೆ ಬದಲಾದರೆ ದುಬಾರಿ ವಸ್ತು ಕೈಗೆಟುಕುತ್ತದೆ, ಆದರೆ ಅದರ ಬೆಲೆ ಮಾಯವಾಗುವುದಿಲ್ಲ. ಬ್ಯಾಟರಿಯ ಸಾಲವನ್ನು ಈಗ ಕಂಪನಿ ಹೊತ್ತಿದೆ. ಬಸ್ಸಿನ ಭಾಗಗಳು ಬರುವುದು ಹೊರದೇಶದಿಂದ, ಬೆಲೆ ಡಾಲರ್‌ನಲ್ಲಿ. ಟಿಕೆಟ್ ಹಣ ಬರುವುದು ಶಿಲ್ಲಿಂಗ್‌ನಲ್ಲಿ. ಶಿಲ್ಲಿಂಗ್ ಬಿದ್ದರೆ ಕಿಲೋಮೀಟರ್ ದರ ಏರಬೇಕಾಗುತ್ತದೆ. ಕಂಪನಿಯೇ ಮುಚ್ಚಿದರೆ ಬ್ಯಾಟರಿ ಇಲ್ಲದ ಬಸ್ಸು ಮಾಲೀಕನ ಅಂಗಳದಲ್ಲಿ ಉಳಿಯುತ್ತದೆ.

ನೈರೋಬಿ ಈಗಾಗಲೇ ಎರಡು ಸಲ ಬಸ್ಸಿನವರು ಕೈಬಿಟ್ಟು ಹೋದದ್ದನ್ನು ಕಂಡಿದೆ. ಎರಡೂ ಸಲ ಊರನ್ನು ನಡೆಸಿದ್ದು ಮಟಾಟು. ಹಾಗಾಗಿ ಹೊಸ ಬಸ್ಸಿನ ಒಪ್ಪಂದ ಬರೆಯುವಾಗ ಬ್ಯಾಟರಿ ಕೊನೆಗೆ ಯಾರದ್ದಾಗುತ್ತದೆ, ದರ ಏರಿಸುವ ಮೊದಲು ಯಾರನ್ನು ಕೇಳಬೇಕು, ಡ್ರೈವರ್‌ ಮತ್ತು ಕಂಡಕ್ಟರ್‌ಗೆ ತಿಂಗಳ ಸಂಬಳ ಇದೆಯೇ ಎಂಬ ಮೂರು ಮಾತನ್ನು ಸಾಕೋಗಳು ಮೊದಲೇ ಬರೆಸಿಕೊಳ್ಳಬೇಕು. ಬಸ್ಸು ಹೊಗೆ ಉಗುಳದಿದ್ದರೆ ಊರಿಗೆ ಒಳ್ಳೆಯದು. ಅದನ್ನು ಓಡಿಸುವವರ ಹೊಟ್ಟೆಯೂ ತುಂಬಿದರೆ ಮಾತ್ರ ಅದು ಆ ಊರಲ್ಲಿ ಉಳಿಯುತ್ತದೆ.