ಉಗುರಿನಡಿ ವಿಪರೀತ ನೋವೇ? ಗ್ಲೋಮಸ್ ಗಡ್ಡೆಯೂ ಕಾರಣವಿರಬಹುದು

ಬೆರಳಿಗೆ ಪೆಟ್ಟಾಗಿಲ್ಲ, ಊತವಿಲ್ಲ, ಕೀವೂ ಇಲ್ಲ. ಆದರೂ ತಣ್ಣೀರು ತಾಗಿದರೆ ಸಾಕು, ಉಗುರಿನಡಿ ಜೀವ ಹೋಗುವಂಥ ನೋವು. ಇದು ಉಗುರಿನ ಕೆಳಗೆ ಬೆಳೆಯುವ ಗ್ಲೋಮಸ್ ಗಡ್ಡೆಯ ಲಕ್ಷಣವಾಗಿರಬಹುದು. ಅಪರೂಪದ ಈ ಗಡ್ಡೆ ಬಹುತೇಕ ಕ್ಯಾನ್ಸರ್ ಅಲ್ಲ. ಆದರೆ ಹೊರಗೆ ಸುಲಭವಾಗಿ ಕಾಣದ ಕಾರಣ ಸಂಧಿವಾತ, ನರದ ತೊಂದರೆ ಎಂದುಕೊಂಡು ಹಲವರು ವರ್ಷಗಟ್ಟಲೆ ನೋವಿನ ಮಾತ್ರೆ ನುಂಗುತ್ತಾರೆ.

ಏನಿದು ಗ್ಲೋಮಸ್ ಗಡ್ಡೆ?

ದೇಹದ ಉಷ್ಣಾಂಶ ಕಾಪಾಡಲು ಚರ್ಮದ ರಕ್ತ ಸಂಚಾರವನ್ನು ನಿಯಂತ್ರಿಸುವ ಸೂಕ್ಷ್ಮ ರಚನೆಗಳೇ ಗ್ಲೋಮಸ್ ಬಾಡಿಗಳು. ಬೆರಳ ತುದಿಯಲ್ಲಿ, ಉಗುರಿನಡಿ ಇವು ಹೆಚ್ಚು. ಇವುಗಳ ಜೀವಕೋಶಗಳು ಅತಿಯಾಗಿ ಬೆಳೆದಾಗ ಗಡ್ಡೆಯಾಗುತ್ತದೆ. ಇದರ ಗಾತ್ರ ಸಾಮಾನ್ಯವಾಗಿ 1 ಸೆಂ.ಮೀ.ಗಿಂತ ಕಡಿಮೆ. ಉಗುರಿನಡಿಯ ಗಡ್ಡೆ 30ರಿಂದ 50 ವರ್ಷದ ಮಹಿಳೆಯರಲ್ಲಿ ಹೆಚ್ಚು. ಒಂದಕ್ಕಿಂತ ಹೆಚ್ಚು ಬೆರಳಲ್ಲಿ ಕಾಣಿಸಿಕೊಂಡರೆ ನ್ಯೂರೋಫೈಬ್ರೊಮಾಟೋಸಿಸ್ ಟೈಪ್-1 ಎಂಬ ಆನುವಂಶಿಕ ಕಾಯಿಲೆ ಇದೆಯೇ ಎಂದು ವೈದ್ಯರು ಪರಿಶೀಲಿಸುತ್ತಾರೆ.

ಮೂರು ಮುಖ್ಯ ಲಕ್ಷಣಗಳು

* ಥಟ್ಟನೆ ಬರುವ ತೀವ್ರ ನೋವು
* ಒಂದೇ ಬಿಂದುವಿನಲ್ಲಿ ಮುಟ್ಟಿದರೆ ನೋವು
* ಚಳಿ, ತಣ್ಣೀರು ತಾಗಿದಾಗ ನೋವು ಹೆಚ್ಚುವುದು

ಕೆಲವರಲ್ಲಿ ಉಗುರಿನಡಿ ನೀಲಿ ಅಥವಾ ಕೆಂಪು ಚುಕ್ಕೆ ಕಾಣಬಹುದು, ಉಗುರು ಸೀಳಬಹುದು.

ಪತ್ತೆ ಹೇಗೆ?

ಮೊದಲ ಪರೀಕ್ಷೆಗಳಿಗೆ ದೊಡ್ಡ ಯಂತ್ರ ಬೇಕಿಲ್ಲ. ಗುಂಡುಸೂಜಿಯ ತಲೆಯಿಂದ ಉಗುರಿನ ಮೇಲೆ ಅಲ್ಲಲ್ಲಿ ಒತ್ತಿದಾಗ ಗಡ್ಡೆ ಇರುವ ಜಾಗದಲ್ಲಷ್ಟೇ ನೋವು ಚುಚ್ಚಿದಂತಾಗುತ್ತದೆ. ಇದು ಲವ್ ಪರೀಕ್ಷೆ. ಬಿಪಿ ನೋಡುವ ಪಟ್ಟಿಯನ್ನು ತೋಳಿಗೆ ಬಿಗಿದು ರಕ್ತ ಸಂಚಾರ ತಡೆದಾಗ ನೋವು ಮಾಯವಾಗಿ, ಸಡಿಲಿಸಿದಾಗ ಮರಳಿದರೆ ಅನುಮಾನ ಬಲಗೊಳ್ಳುತ್ತದೆ. ಇದು ಹಿಲ್‌ಡ್ರೆತ್ ಪರೀಕ್ಷೆ. ಇವನ್ನು ವೈದ್ಯರೇ ಮಾಡಬೇಕು.

ಗಡ್ಡೆಯ ಒತ್ತಡದಿಂದ ಮೂಳೆ ಸವೆದಿದ್ದರೆ ಎಕ್ಸ್‌ರೇಯಲ್ಲಿ ಗೊತ್ತಾಗುತ್ತದೆ. ಜಾಗ, ಗಾತ್ರ ತಿಳಿಯಲು ಎಂಆರ್‌ಐ ಹೆಚ್ಚು ನೆರವಾಗುತ್ತದೆ. ಆದರೆ ತೀರಾ ಚಿಕ್ಕ ಗಡ್ಡೆ ಅದರಲ್ಲೂ ತಪ್ಪಿಹೋಗಬಹುದು. ಹೀಗಾಗಿ ಸ್ಕ್ಯಾನ್ ವರದಿ ಸರಿಯಿದ್ದರೂ ಲಕ್ಷಣಗಳನ್ನು ಕಡೆಗಣಿಸುವಂತಿಲ್ಲ.

ಚಿಕಿತ್ಸೆ ಏನು?

ಮಾತ್ರೆಯಿಂದ ಗಡ್ಡೆ ಕರಗುವುದಿಲ್ಲ, ಶಸ್ತ್ರಚಿಕಿತ್ಸೆಯಲ್ಲಿ ಪೂರ್ತಿ ತೆಗೆಯಬೇಕು. ಸಾಮಾನ್ಯವಾಗಿ ಬೆರಳಿಗಷ್ಟೇ ಮರಗಟ್ಟಿಸುವ ಇಂಜೆಕ್ಷನ್ ಸಾಕು. ಉಗುರನ್ನು ಎತ್ತಿ ಅಥವಾ ಬೆರಳಿನ ಪಕ್ಕದಿಂದ ಸೀಳಿ ಗಡ್ಡೆ ತೆಗೆಯುತ್ತಾರೆ. ನಂತರ ಅದನ್ನು ಪ್ರಯೋಗಾಲಯಕ್ಕೆ ಕಳುಹಿಸಿ ಖಚಿತಪಡಿಸಿಕೊಳ್ಳುತ್ತಾರೆ. ಕೆಲವರಲ್ಲಿ ಉಗುರಿನ ಆಕಾರ ಬದಲಾಗಬಹುದು. ಚೂರು ಉಳಿದರೂ ಗಡ್ಡೆ ಮತ್ತೆ ಬೆಳೆಯುವ ಸಾಧ್ಯತೆ ಇದೆ. ಕೆಲವು ತಿಂಗಳ ನಂತರವೂ ನೋವು ಇದ್ದರೆ ಮರುಪರೀಕ್ಷೆ ಅಗತ್ಯ.

ಇತರ ಅಪರೂಪದ ಗಡ್ಡೆಗಳು

* ಆನಿಕೊಮ್ಯಾಟ್ರಿಕೋಮ: ಉಗುರಿನಲ್ಲಿ ಹಳದಿ ಪಟ್ಟೆ ಮೂಡಿ ದಪ್ಪಗಾಗುತ್ತದೆ, ತುದಿಯಲ್ಲಿ ಸಣ್ಣ ತೂತುಗಳು ಕಾಣುತ್ತವೆ. ಫಂಗಸ್ ಎಂದು ತಪ್ಪು ತಿಳಿಯುವುದುಂಟು.
* ಆನಿಕೊಪ್ಯಾಪಿಲೋಮ: ಉಗುರಿನ ಉದ್ದಕ್ಕೂ ತೆಳುವಾದ ಕೆಂಪು ಗೆರೆ, ತುದಿಯ ಕೆಳಗೆ ಗಟ್ಟಿ ಗುಳ್ಳೆ.
* ಸಬ್‌ಅಂಗ್ವಲ್ ಎಕ್ಸೊಸ್ಟೋಸಿಸ್: ಕಾಲಿನ ಹೆಬ್ಬೆರಳಲ್ಲಿ, ಹೆಚ್ಚಾಗಿ ಯುವಜನರಲ್ಲಿ ಉಗುರಿನಡಿ ಬೆಳೆಯುವ ಮೂಳೆಯ ಗಂಟು. ಎಕ್ಸ್‌ರೇಯಲ್ಲಿ ಪತ್ತೆಯಾಗುತ್ತದೆ.

ಯಾವಾಗ ವೈದ್ಯರನ್ನು ಕಾಣಬೇಕು?

ಒಂದೇ ಉಗುರಿನಲ್ಲಿ ನೋವು ಅಥವಾ ಬದಲಾವಣೆ ಹಲವು ವಾರ ಉಳಿದರೆ ಚರ್ಮರೋಗ ತಜ್ಞರು ಇಲ್ಲವೇ ಕೈ ಶಸ್ತ್ರಚಿಕಿತ್ಸಕರನ್ನು ಕಾಣಿ. ತಣ್ಣೀರಿಗೆ ನೋವು ಹೆಚ್ಚುತ್ತಿದ್ದರೆ, ಯಾವ ಬಿಂದುವಿನಲ್ಲಿ ನೋವು ಎಂಬುದನ್ನು ತಪ್ಪದೆ ಹೇಳಿ. ಉಗುರಿನಲ್ಲಿ ಹೊಸದಾಗಿ ಕಪ್ಪು ಪಟ್ಟೆ ಮೂಡಿ ಅಗಲವಾಗುತ್ತಿದ್ದರೆ ತಡಮಾಡಬೇಡಿ. ಅದು ಮೆಲನೋಮ ಎಂಬ ಕ್ಯಾನ್ಸರ್‌ನ ಸೂಚನೆಯೂ ಆಗಿರಬಹುದು.